ಮನೆಯಲ್ಲಿ ಏಂಜೆಲ್ ಮೀನು: ತೋಟದ ಮನೆಯವರಿಗೆ ಒಂದು ಪಾಠ

ಈ ಪುಟದಲ್ಲಿ ಸಾಮಾನ್ಯವಾಗಿ ಕೊಳೆರೋಗ, ಕಾಂಡಕೊರಕ, ಮರಗಸಿ, ಗೊಬ್ಬರ ಇವುಗಳ ವಿಚಾರವನ್ನೇ ಬರೆಯುತ್ತೇವೆ. ಈ ಬಾರಿ, ಮಕ್ಕಳ ಒತ್ತಾಯಕ್ಕೆ ಗಾಜಿನ ತೊಟ್ಟಿ ತರುವ ಸದಸ್ಯ ಬಂಧುಗಳ ಉಪಯೋಗಕ್ಕಾಗಿ ಏಂಜೆಲ್ ಮೀನಿನ ಪಾಲನೆಯನ್ನು ತಿಳಿಸುತ್ತಿದ್ದೇವೆ. ಪೇಟೆಯ ಮನೆಗೂ ನಮ್ಮ ಮನೆಗೂ ಇದರಲ್ಲಿ ಒಂದು ವ್ಯತ್ಯಾಸವುಂಟು. ನಮ್ಮ ಕೊಟ್ಟಿಗೆಯಲ್ಲಿ ಮೈಲುತುತ್ತು ಇರುತ್ತದೆ. ಆದ್ದರಿಂದ ಕೊನೆಯವರೆಗೆ ಓದಬೇಕೆಂದು ವಿನಂತಿ.

ಮೀನಿನ ಪರಿಚಯ

ಏಂಜೆಲ್ ಮೀನಿನ ಮೂಲಸ್ಥಾನ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಪ್ರದೇಶ. ಅಲ್ಲಿ ನಿಧಾನವಾಗಿ ಹರಿಯುವ ನೀರಿನಲ್ಲಿ, ಮುಳುಗಿದ ಬೇರು ಮತ್ತು ಗಿಡಗಳ ನಡುವೆ ಇದು ಬದುಕುತ್ತದೆ. ತೆಳ್ಳಗಿನ ಮೈ, ಮೇಲೆ ಕೆಳಗೆ ಉದ್ದನೆಯ ರೆಕ್ಕೆ. ಇದು ಸಿಕ್ಲಿಡ್ ಕುಟುಂಬಕ್ಕೆ ಸೇರಿದ್ದು. ದಕ್ಷಿಣ ಕನ್ನಡದ ನದಿಗಳಲ್ಲಿರುವ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಮೀನೂ ಇದೇ ಕುಟುಂಬದ್ದು. ಹೀಗಾಗಿ ಏಂಜೆಲ್ ನಮಗೆ ತೀರಾ ಅಪರಿಚಿತನಲ್ಲ.

ತೊಟ್ಟಿ

ಈ ಮೀನಿಗೆ ಅಗಲಕ್ಕಿಂತ ಎತ್ತರ ಮುಖ್ಯ. ಬೆಳೆದ ಮೀನು ರೆಕ್ಕೆ ಸೇರಿ ಆರು ಅಂಗುಲಕ್ಕೂ ಹೆಚ್ಚು ಎತ್ತರವಾಗುತ್ತದೆ. 3 ಅಡಿ ಉದ್ದ, 15 ಅಂಗುಲ ಅಗಲ, 18 ಅಂಗುಲ ಎತ್ತರದ ತೊಟ್ಟಿ ಸಾಕು. ಎರಡು ಅಂಗುಲ ಬಿಟ್ಟು ತುಂಬಿದರೆ ಸುಮಾರು 140 ಲೀಟರ್ ನೀರು ಹಿಡಿಯುತ್ತದೆ. ನೀರೇ 140 ಕಿಲೋ ತೂಗುವುದರಿಂದ ಗಟ್ಟಿ ಮೇಜು, ಸಮತಟ್ಟಾದ ನೆಲ ಬೇಕು. ಬಿಸಿಲು ನೇರವಾಗಿ ಬಿದ್ದರೆ ಪಾಚಿ ಕಟ್ಟುತ್ತದೆ.

ತಳಕ್ಕೆ ಎರಡು ಅಂಗುಲ ಹಳ್ಳದ ಜಲ್ಲಿಯನ್ನು ಚೆನ್ನಾಗಿ ತೊಳೆದು ಹಾಕಿರಿ. ಜಲ್ಲಿಯ ಮೇಲೆ ನಿಂಬೆರಸ ಬಿಟ್ಟಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಅಂಥದ್ದು ಬೇಡ. ಸ್ಪಂಜಿನ ಫಿಲ್ಟರ್ ಮತ್ತು ಗಾಳಿಪಂಪು ಸಾಕು, ರಭಸದ ನೀರು ಈ ಮೀನಿಗೆ ಆಗದು. ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಚಳಿಗಾಲದ ರಾತ್ರಿಗಳಿಗಾಗಿ 150 ವ್ಯಾಟಿನ ಹೀಟರ್ ಅಗತ್ಯ.

ನೀರಿನ ಗುಣ

ಏಂಜೆಲ್ ಮೀನಿಗೆ ಬೇಕಾದದ್ದು ಮೆದು ನೀರು, ತುಸು ಆಮ್ಲೀಯ ಅಥವಾ ತಟಸ್ಥ. ಮಲೆನಾಡಿನ ಬಾವಿಗಳ ನೀರು ಬಹುಮಟ್ಟಿಗೆ ಹೀಗೆಯೇ ಇರುವುದು ನಮ್ಮ ಭಾಗ್ಯ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಒಂದು ದಿನ ಗಾಳಿಯಾಡಿಸಿ, ತಿಳಿಯನ್ನಷ್ಟೇ ಬಳಸಿರಿ. ಬ್ಲೀಚಿಂಗ್ ಪುಡಿ ಹಾಕಿದ ನೀರನ್ನೂ ಒಂದು ದಿನ ತೆರೆದಿಡಬೇಕು. ಕಾಫಿ ಪಲ್ಪಿಂಗ್ ನೀರು ಸೇರುವ ಹಳ್ಳದ ನೀರು ಖಂಡಿತ ಬೇಡ.

ಮೈಲುತುತ್ತಿನ ಅಪಾಯ

ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ನಮಗೆಲ್ಲ ಬಾಯಿಪಾಠ. ಮೈಲುತುತ್ತಿನ ಕಾಲುಭಾಗ ತಾಮ್ರ. ಅಂದರೆ ದ್ರಾವಣದ ಒಂದು ಲೀಟರಿನಲ್ಲಿ ಸುಮಾರು 2,500 ಮಿಲಿಗ್ರಾಂ ತಾಮ್ರ. ಆ ದ್ರಾವಣ ಒಂದು ಸಣ್ಣ ಲೋಟದಷ್ಟು, ಅಂದರೆ 100 ಮಿಲಿಲೀಟರ್, ನಮ್ಮ ತೊಟ್ಟಿಗೆ ಸೇರಿದರೆ ಲೀಟರಿಗೆ ಒಂದೂಮುಕ್ಕಾಲು ಮಿಲಿಗ್ರಾಂ ತಾಮ್ರವಾಯಿತು. ಮೆದು ನೀರಿನಲ್ಲಿ ಒಂದು ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಮೀನಿಗೆ ಅದು ಮಾರಕ.

ಸುಣ್ಣ ಸೇರಿ ತಟಸ್ಥವಾಗಿದೆಯಲ್ಲ ಎಂದು ಕೇಳಬಹುದು. ಸುಣ್ಣವು ತಾಮ್ರವನ್ನು ಗಟ್ಟಿಯಾಗಿ ಹಿಡಿದಿಡುವುದೇನೋ ನಿಜ. ಆದರೆ ಆಮ್ಲೀಯ ನೀರಿಗೆ ಬಿದ್ದಾಗ ಅದು ಮತ್ತೆ ಕರಗುತ್ತದೆ. ಗಡಸು ನೀರು ತಾಮ್ರದ ವಿಷವನ್ನು ಸ್ವಲ್ಪ ತಡೆಯುತ್ತದೆ, ಮೆದು ನೀರು ತಡೆಯದು. ಏಂಜೆಲ್ ಮೀನಿಗೆ ಹಿತವಾದ ನೀರೇ ತಾಮ್ರದ ವಿಷಯದಲ್ಲಿ ಅದಕ್ಕೆ ಅಹಿತ. ಆದ್ದರಿಂದ:

1. ಔಷಧಿ ಕಲಸಿದ ಬಕೆಟ್, ಬ್ಯಾರಲ್, ಪೈಪುಗಳನ್ನು ಎಷ್ಟು ತೊಳೆದರೂ ಮೀನಿನ ನೀರಿಗೆ ಬಳಸಬಾರದು. ಪ್ರತ್ಯೇಕ ಬಕೆಟ್ ಇಟ್ಟು ಗುರುತು ಹಾಕಿರಿ.
2. ಸಿಂಪಡಣೆಯ ದಿನಗಳಲ್ಲಿ ಮಾಡಿನ ನೀರನ್ನಾಗಲಿ, ತೋಟದೊಳಗಿನ ತೆರೆದ ಬಾವಿಯ ನೀರನ್ನಾಗಲಿ ತೊಟ್ಟಿಗೆ ಹಾಕಬಾರದು.
3. ಔಷಧಿ ಹೊಡೆದು ಬಂದವರು ಸೋಪಿನಿಂದ ಕೈ ತೊಳೆದು, ಸೋಪು ಪೂರ್ತಿ ಹೋಗುವಂತೆ ಜಾಲಿಸಿದ ಮೇಲೆಯೇ ತೊಟ್ಟಿಗೆ ಕೈಹಾಕಬೇಕು.

ತೊಟ್ಟಿ ಹದಗೊಳ್ಳುವುದು

ತೊಟ್ಟಿ ತುಂಬಿದ ದಿನವೇ ಮೀನು ಬಿಡುವುದು ಬೇಡ. ಮೀನಿನ ಉಸಿರು, ಮಲ, ಉಳಿದ ಆಹಾರಗಳಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ತೋಟಕ್ಕೆ ಹಾಕಿದ ಅಮೋನಿಯಂ ಸಲ್ಫೇಟನ್ನು ಮಣ್ಣಿನ ಸೂಕ್ಷ್ಮಾಣುಗಳು ನೈಟ್ರೇಟ್ ಮಾಡುವುದನ್ನು ನಾವು ಬಲ್ಲೆವು. ತೊಟ್ಟಿಯಲ್ಲೂ ನಡೆಯುವುದು ಅದೇ ಕ್ರಿಯೆ. ಒಂದು ಬಗೆಯ ಸೂಕ್ಷ್ಮಾಣು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ಹೆಚ್ಚು ಹಾನಿಯಿಲ್ಲದ ನೈಟ್ರೇಟ್ ಮಾಡುತ್ತದೆ. ಇವು ಸ್ಪಂಜು ಮತ್ತು ಜಲ್ಲಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಫಿಲ್ಟರ್ ಓಡಿಸುತ್ತಾ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿದ ಮೇಲೆ ತೊಟ್ಟಿ ಸಿದ್ಧ.

ಮೀನು ಬಿಡುವುದು, ಪಾಲನೆ

ನಾಲ್ಕಾಣೆಯಗಲದ ಐದಾರು ಮರಿ ತನ್ನಿರಿ. ಚೀಲವನ್ನು ಕಾಲುಗಂಟೆ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಿರಿ. ರೆಕ್ಕೆ ಕಚ್ಚುವ ಟೈಗರ್ ಬಾರ್ಬ್ ಜೊತೆಗೆ ಬೇಡ. ನಿಯಾನ್ ಟೆಟ್ರಾದಂಥ ಚಿಕ್ಕ ಮೀನನ್ನು ಬೆಳೆದ ಏಂಜೆಲ್ ನುಂಗುವುದುಂಟು. ಹತ್ತು ತಿಂಗಳ ಹೊತ್ತಿಗೆ ಜೋಡಿಯಾದವು ಮೂಲೆ ಹಿಡಿದು ಉಳಿದವನ್ನು ಅಟ್ಟತೊಡಗುತ್ತವೆ. ಆಗ ಒಂದು ಜೋಡಿಯನ್ನು ಉಳಿಸಿ, ಮಿಕ್ಕವನ್ನು ಬೇರೆ ತೊಟ್ಟಿಯವರಿಗೆ ಕೊಡಬೇಕು.

ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿರಿ. ತೆಗೆದ ನೀರು ತರಕಾರಿ ಗಿಡಕ್ಕೆ ಒಳ್ಳೆಯದು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ಇಲ್ಲವಾದರೆ ಸೂಕ್ಷ್ಮಾಣುಗಳು ನಾಶವಾಗಬಹುದು. ಮಳೆಗಾಲದಲ್ಲಿ ವಿದ್ಯುತ್ ದೀರ್ಘಕಾಲ ಹೋದಾಗ ಆಹಾರ ನಿಲ್ಲಿಸಿ, ಬ್ಯಾಟರಿಯ ಗಾಳಿಪಂಪು ಹಾಕಿರಿ. ಅದಿಲ್ಲದಿದ್ದರೆ ಗಂಟೆಗೊಮ್ಮೆ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಹುಯ್ಯಿರಿ.

ಕೊನೆಯದಾಗಿ, ಸಾಕಲಾಗದ ಮೀನನ್ನು ಕರುಣೆಯಿಂದ ಹಳ್ಳಕ್ಕೋ ಕೆರೆಗೋ ಬಿಡಬಾರದು. ಅಮೆಜಾನ್ ಕಡೆಯ ಸಕ್ಕರ್ ಮೀನು ಹೀಗೆ ಹೊರಬಿದ್ದು ನಮ್ಮ ದೇಶದ ಅನೇಕ ಕೆರೆ ನದಿಗಳಲ್ಲಿ ನೆಲೆಯೂರಿದೆ. ನಮ್ಮ ಹಳ್ಳಗಳಲ್ಲಿ ಬೇರೆಲ್ಲೂ ಸಿಗದ ಮೀನುಗಳಿವೆ. ಬೋರ್ಡೋ ಬ್ಯಾರಲನ್ನು ಹಳ್ಳದಲ್ಲಿ ತೊಳೆಯುವಾಗಲೂ ಈ ಮಾತು ನೆನಪಿರಲಿ. 140 ಲೀಟರಿಗೆ ಸಲ್ಲುವ ಲೆಕ್ಕವು ಬೇಸಿಗೆಯ ಹಳ್ಳದ ಗುಂಡಿಗೂ ಸಲ್ಲುತ್ತದೆ.