ಊರು ಯಾವುದು? ಗ್ರಾಮ ಯಾವುದು?

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮೊದಲು ಏನು ಕೇಳುತ್ತಾರೆ? "ಯಾವೂರ್ರೀ ನಿಮ್ದು?" ನಾವು ತಟ್ಟನೆ ಹೇಳುತ್ತೇವೆ. ಅದಕ್ಕೆ ಓದು ಬರಹ ಬೇಕಿಲ್ಲ. ಆದರೆ ಅರ್ಜಿಯಲ್ಲಿ 'ಗ್ರಾಮ' ಎಂದು ಇರುತ್ತದೆ. ಅಲ್ಲಿ ಏನು ಬರೆಯಬೇಕು? ಇಲ್ಲಿ ಸ್ವಲ್ಪ ನಿಂತು ನೋಡೋಣ.

ನಾವು ಬಾಳುವ ಜಾಗವೆಲ್ಲ ನಮ್ಮ ಬಾಯಲ್ಲಿ ಊರೇ. ಹುಟ್ಟಿದ್ದೂ ಊರು, ಸೇರಿದ್ದೂ ಊರು. ಹೆಣ್ಣುಮಕ್ಕಳಿಗಂತೂ ತವರೂರು ಒಂದು, ಗಂಡನ ಊರು ಇನ್ನೊಂದು. "ಜಾತ್ರೆಗೆ ಊರೆಲ್ಲಾ ಬಂದಿತ್ತು" ಅಂತೀವಿ. ಅಲ್ಲಿ ಊರು ಎಂದರೆ ಜನ.

ಊರಿಗೆ ಬೇರೆ ಹೆಸರುಗಳೂ ಇವೆ. ಲಂಬಾಣಿಗರ ಊರು ತಾಂಡಾ. ಗೊಲ್ಲರದು ಹಟ್ಟಿ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಜೇನುಕುರುಬರದು ಹಾಡಿ. ಕನಕಪುರದ ಕಡೆ ದೊಡ್ಡಿಗಳು ಬಹಳ. ದೊಡ್ಡಿ ಎಂದರೆ ದನ ಕೂಡುವ ಜಾಗ. ದನದ ಜೊತೆ ಜನವೂ ನಿಂತರು, ಊರಾಯಿತು.

ಕಂದಾಯ ಇಲಾಖೆಯ ಲೆಕ್ಕವೇ ಬೇರೆ. ಅಲ್ಲಿ ಗ್ರಾಮ ಎಂದರೆ ಗಡಿ, ನಕ್ಷೆ, ಸರ್ವೆ ನಂಬರು ಇರುವ ನೆಲ. ಇದೇ ಕಂದಾಯ ಗ್ರಾಮ. ಒಬ್ಬರೂ ವಾಸ ಇಲ್ಲದ ಗ್ರಾಮಗಳೂ ದಾಖಲೆಯಲ್ಲಿ ಇವೆ! ಅವಕ್ಕೆ 'ಬೇಚಿರಾಕ್ ಗ್ರಾಮ' ಎನ್ನುತ್ತಾರೆ. ಇದು ಪಾರಸಿ ಮಾತು. ಚಿರಾಗ್ ಎಂದರೆ ದೀಪ. ಬೇಚಿರಾಕ್ ಎಂದರೆ ದೀಪ ಇಲ್ಲದ್ದು. ದೀಪವಿಲ್ಲದ ಊರಿಗೆ ದಾಖಲೆ ಉಂಟು. ನೂರು ಮನೆಯಲ್ಲಿ ದೀಪ ಉರಿಯುವ ತಾಂಡಾಕ್ಕೆ ದಾಖಲೆ ಇಲ್ಲ. ಇದು ಯಾವ ನ್ಯಾಯ?

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ? ಅಜ್ಜನ ಕಾಲದಿಂದ ಇದ್ದ ಮನೆಯೂ ಕಾಗದದಲ್ಲಿ ಬೇರೆಯವರ ಹೊಲ, ಇಲ್ಲವೆ ಸರಕಾರಿ ಜಾಗ. ಸಾಲಕ್ಕೆ ಹೋದರೆ ಬ್ಯಾಂಕಿನವರು ಮನೆಯ ಕಾಗದ ಕೇಳುತ್ತಾರೆ. ಎಲ್ಲಿಂದ ತರೋದು? "ಬಿಡು ಜಾಗಾನ" ಎಂದು ಯಾರಾದರೂ ಬಂದು ನಿಂತರೆ ತೋರಿಸಲು ಏನೂ ಇರುವುದಿಲ್ಲ.

ಇಂಥ ವಸತಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ನಡೆದಿದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ಸುಮಾರು 1,475 ವಸತಿಗಳನ್ನು ಹೊಸ ಕಂದಾಯ ಗ್ರಾಮ ಎಂದು ಘೋಷಿಸಿದರು. 2023ರ ಜನವರಿ 19ರಂದು ಮಳಖೇಡದಲ್ಲಿ ಹಕ್ಕುಪತ್ರ ಕೊಡುವ ಸಮಾರಂಭ ಆಯಿತು. ಅದು 50,000ಕ್ಕೂ ಹೆಚ್ಚು ಕುಟುಂಬಗಳ ಹಕ್ಕುಪತ್ರ.

ನಿಮ್ಮದು ಯಾವ ಗ್ರಾಮ ಎಂದು ಹೇಗೆ ತಿಳಿಯುವುದು? ಜಮೀನು ಇದ್ದವರು ಪಹಣಿ ತೆಗೆದು ಮೇಲಿನ ಸಾಲು ಓದಿ. ಗ್ರಾಮ, ಹೋಬಳಿ, ತಾಲ್ಲೂಕು ಅಲ್ಲೇ ಇರುತ್ತವೆ. ಜಮೀನು ಇಲ್ಲದವರು ಗ್ರಾಮ ಲೆಕ್ಕಿಗರನ್ನು ಕೇಳಿ. ಅವರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು. "ನಮ್ಮ ಹಟ್ಟಿ ಯಾವ ಗ್ರಾಮಕ್ಕೆ ಸೇರುತ್ತದೆ ಸಾರ್?" ಎಂದು ಕೇಳಿ. ಅಂಜಬೇಡಿ. ಅರ್ಜಿಯಲ್ಲಿ ಆ ಗ್ರಾಮದ ಹೆಸರು ಬರೆಯಿರಿ. ಜೊತೆಗೆ ಹಟ್ಟಿಯ ಹೆಸರನ್ನೂ ಬಿಡದೆ ಬರೆಯಿರಿ.

ಕೇಳಿ ತಿಳಿದು ತುಂಬಿರಿ:
ನಾವು ವಾಸ ಮಾಡುವ ಊರು ..........
ನಮ್ಮ ಕಂದಾಯ ಗ್ರಾಮ ..........
ಹೋಬಳಿ ..........
ತಾಲ್ಲೂಕು ..........