ಮೊದಲ ಸೆಮಿಸ್ಟರಿನ ವೇಳೆಯ ಜಮಾಖರ್ಚು

ಬಿ.ಕಾಂ. ಪ್ರಥಮ ವರ್ಷಕ್ಕೆ ಪ್ರವೇಶ ಪಡೆದ ವಿದ್ಯಾರ್ಥಿಯ ಕೈಗೆ ಪಠ್ಯಪುಸ್ತಕಕ್ಕಿಂತ ಮೊದಲು ಬರುವುದು ವಿಷಯಗಳನ್ನು ಆರಿಸಿ ಗುರುತು ಹಾಕಬೇಕಾದ ಅರ್ಜಿ. ಕಚೇರಿಯ ಕಿಟಕಿಯ ಮುಂದೆ ಸರದಿಯಲ್ಲಿ ನಿಂತು, ಮುಂದಿನ ಗೆಳೆಯನು ಏನು ಬರೆದನೆಂದು ಇಣುಕಿ ನೋಡಿ ಅದನ್ನು ತುಂಬುವವರೇ ಹೆಚ್ಚು. ಹೋಟಗಿ, ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಹಳ್ಳಿಗಳಿಂದ ಬರುವ, ಹತ್ತನೆಯ ತರಗತಿಯವರೆಗೆ ಬಾಲಭಾರತಿಯ ಕನ್ನಡ ಪುಸ್ತಕಗಳನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಈ ಐದು ನಿಮಿಷಗಳ ಕೆಲಸವು ಮುಂದಿನ ಆರು ತಿಂಗಳ ಗತಿಯನ್ನು ನಿರ್ಧರಿಸುತ್ತದೆ. ಲೆಕ್ಕಶಾಸ್ತ್ರದಲ್ಲಿ ಎ.ಟಿ.ಕೆ.ಟಿ. ಹೊತ್ತುಕೊಂಡು ಎರಡನೆಯ ಸೆಮಿಸ್ಟರಿಗೆ ಹೋಗುವವರಲ್ಲಿ ದಡ್ಡರು ವಿರಳ. ವೇಳೆಯ ಲೆಕ್ಕ ಹಾಕದವರು ಬಹಳ.

ಮೊದಲು ನಿಯಮವನ್ನು ತಿಳಿಯೋಣ. ರಾಷ್ಟ್ರೀಯ ಶಿಕ್ಷಣ ನೀತಿ 2020ನ್ನು ಅನುಸರಿಸಿ ಮಹಾರಾಷ್ಟ್ರ ಸರಕಾರವು 2023ರ ಏಪ್ರಿಲ್ 20ರಂದು ಹೊರಡಿಸಿದ ನಿರ್ಣಯದ ಮೇರೆಗೆ ಒಂದು ಸೆಮಿಸ್ಟರಿಗೆ 20ರಿಂದ 22 ಕ್ರೆಡಿಟ್, ಮೂರು ವರ್ಷಗಳ ಪದವಿಗೆ 120ರಿಂದ 132 ಕ್ರೆಡಿಟ್. ಇವು ಪ್ರಧಾನ ವಿಷಯ, ಮುಕ್ತ ಐಚ್ಛಿಕ ವಿಷಯ, ಕೌಶಲ್ಯದ ವಿಷಯಗಳು, ಭಾಷೆ, ಮೌಲ್ಯಶಿಕ್ಷಣ, ಭಾರತೀಯ ಜ್ಞಾನ ಪರಂಪರೆ, ಸಹಪಠ್ಯ ಎಂದು ಹಂಚಿಹೋಗುತ್ತವೆ. ಯಾವ ಕಾಲೇಜಿನಲ್ಲಿ ಯಾವುದಕ್ಕೆ ಎಷ್ಟು ಎಂಬುದನ್ನು ಸೂಚನಾಫಲಕದ ಪಟ್ಟಿಯಿಂದಲೇ ಬರೆದುಕೊಳ್ಳಬೇಕು. ಪ್ರಧಾನ ವಿಷಯದಲ್ಲಿ ನಿಮಗೆ ಆಯ್ಕೆ ಇಲ್ಲ. ಆಯ್ಕೆ ಇರುವುದು ಭಾಷೆಯಲ್ಲಿ, ಮುಕ್ತ ಐಚ್ಛಿಕದಲ್ಲಿ, ಕೌಶಲ್ಯ ಮತ್ತು ಸಹಪಠ್ಯಗಳಲ್ಲಿ. ಮುಕ್ತ ಐಚ್ಛಿಕವನ್ನು ವಾಣಿಜ್ಯದ ಹೊರಗಿನ ವಿದ್ಯಾಶಾಖೆಯಿಂದಲೇ ತೆಗೆದುಕೊಳ್ಳಬೇಕು.

ಕ್ರೆಡಿಟ್ ಎಂಬುದನ್ನು ಅಂಕದಂತೆ ನೋಡುವ ರೂಢಿ ನಮ್ಮಲ್ಲಿದೆ. ಅದು ವಾಸ್ತವದಲ್ಲಿ ಗಂಟೆಗಳ ಅಳತೆ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ವರ್ಷದ ಕಲಿಕೆಯನ್ನು 1200 ಗಂಟೆಗಳೆಂದೂ ಅದಕ್ಕೆ 40 ಕ್ರೆಡಿಟ್ ಎಂದೂ ಎಣಿಸಿದೆ. ಎಂದರೆ ಒಂದು ಕ್ರೆಡಿಟ್ಟಿಗೆ 30 ಗಂಟೆ. ಅದರಲ್ಲಿ 15 ಗಂಟೆ ತರಗತಿಯ ಪಾಠ. ಉಳಿದುದು ಓದು, ಅಭ್ಯಾಸ, ಬರವಣಿಗೆ. ಪ್ರಾಯೋಗಿಕ ವಿಷಯವಾದರೆ ಮೂವತ್ತು ಗಂಟೆಯೂ ಕಾಲೇಜಿನಲ್ಲಿಯೇ ಕಳೆಯುತ್ತದೆ. 22 ಕ್ರೆಡಿಟ್ಟಿಗೆ 660 ಗಂಟೆ. ಪಾಠದ ವಾರಗಳು 15 ಎಂದು ಹಿಡಿದರೆ ವಾರಕ್ಕೆ 44 ಗಂಟೆ. ಅರ್ಜಿಯ ಮೇಲಿನ 22 ಎಂಬ ಅಂಕಿ ವಾರದ 44 ಗಂಟೆಗಳ ಕರಾರು.

ಈಗ ಒಂದು ಹಾಳೆಯನ್ನು ತೆಗೆದುಕೊಂಡು ಹೋಟಗಿಯ ಕಡೆಯಿಂದ ದಿನವೂ ಸೋಲಾಪುರಕ್ಕೆ ಬರುವ ವಿದ್ಯಾರ್ಥಿಯೊಬ್ಬನ ವಾರವನ್ನು ಬರೆಯೋಣ. ವಾರದ ಒಟ್ಟು ಗಂಟೆಗಳು 168. ದಿನಕ್ಕೆ ಏಳು ಗಂಟೆ ನಿದ್ರೆಯೆಂದು 49 ಕಳೆದರೆ 119. ಊಟ, ಸ್ನಾನ, ಮನೆಯ ಚಿಲ್ಲರೆ ಕೆಲಸಗಳಿಗೆ ದಿನಕ್ಕೆ ಮೂರು ಗಂಟೆಯಂತೆ 21 ಹೋದರೆ 98. ಓದಿನ 44 ಹೋದರೆ 54. ಹೋಟಗಿ ದೊಡ್ಡ ಜಂಕ್ಷನ್. ವಿಜಯಪುರ, ಗದಗದ ಕಡೆಯ ಹಳಿ ಕವಲೊಡೆಯುವುದು ಅಲ್ಲಿಯೇ. ಆದರೆ ಜಂಕ್ಷನ್ ಊರಿನಲ್ಲಿದ್ದ ಮಾತ್ರಕ್ಕೆ ಗಾಡಿಯು ನಮ್ಮ ತರಗತಿಯ ವೇಳೆಗೆ ಬರುವುದಿಲ್ಲ. ಮನೆಯ ಬಾಗಿಲಿನಿಂದ ತರಗತಿಯ ಬಾಗಿಲವರೆಗೆ, ಕಾಯುವ ಹೊತ್ತನ್ನೂ ಸೇರಿಸಿ, ಹೋಗಿಬರಲು ಮೂರು ಗಂಟೆ ಎಂದರೆ ವಾರಕ್ಕೆ 18, ಉಳಿದದ್ದು 36. ನಗರದ ಚಾದರ ಅಂಗಡಿಯಲ್ಲಿಯೋ ಲೆಕ್ಕ ಬರೆಯುವ ಕಚೇರಿಯಲ್ಲಿಯೋ ದಿನಕ್ಕೆ ನಾಲ್ಕು ಗಂಟೆ ಕೆಲಸವಿದ್ದರೆ 24 ಹೋಗಿ 12. ಇದರ ಮೇಲೆ ಎಂ.ಎಸ್.-ಸಿ.ಐ.ಟಿ. ಅಥವಾ ಟ್ಯಾಲಿ ತರಗತಿಗೆ, ಅಭ್ಯಾಸವೂ ಸೇರಿ, ದಿನಕ್ಕೆ ಎರಡು ಗಂಟೆ ಎಂದರೆ ಶಿಲ್ಕು ಸೊನ್ನೆ. ಈ ವಾರದಲ್ಲಿ ಜ್ವರ ಬರಕೂಡದು, ಅಕ್ಕನ ಮದುವೆ ನಡೆಯಕೂಡದು, ಗೆಳೆಯರೊಡನೆ ಒಂದು ಚಹಾ ಕೂಡ ಕುಡಿಯಕೂಡದು.

ಪ್ರಯಾಣದ ಗಂಟೆಗಳನ್ನು ಯಾರೂ ಬರೆಯುವುದಿಲ್ಲ. ವಾರಕ್ಕೆ 18 ಎಂದರೆ ಹದಿನೈದು ವಾರಗಳಿಗೆ 270 ಗಂಟೆ. ಒಂಬತ್ತು ಕ್ರೆಡಿಟ್ಟುಗಳ ತೂಕ, ಅಂಕ ಮಾತ್ರ ಇಲ್ಲ. ಅಕ್ಕಲಕೋಟೆಯಲ್ಲಿ ಮನೆಯಿದ್ದು ಅಲ್ಲಿಯ ಕಾಲೇಜಿನಲ್ಲಿಯೇ ಓದುವವನಿಗೆ ಈ ಹೊರೆ ಬಹುಪಾಲು ಇಲ್ಲ. ಅಲ್ಲಿಂದ ನಿತ್ಯವೂ ಸುಮಾರು 40 ಕಿ.ಮೀ. ದೂರದ ಸೋಲಾಪುರಕ್ಕೆ ಬರುವವನಿಗೆ ಹೋಟಗಿಯವನಿಗಿಂತ ಹೆಚ್ಚು. ಇಬ್ಬರೂ ಒಂದೇ ಬಗೆಯ ಅರ್ಜಿ ತುಂಬಿದರೆ ಇಬ್ಬರ ಸೆಮಿಸ್ಟರೂ ಒಂದೇ ಬಗೆಯದಾಗುವುದಿಲ್ಲ. ವಿದ್ಯಾರ್ಥಿನಿಯರ ಹಾಳೆಯಲ್ಲಿ ‘ಮನೆಯ ಚಿಲ್ಲರೆ ಕೆಲಸ’ ಎಂಬ ಸಾಲಿನ ಮುಂದೆ 21 ಎಂದು ಬರೆದರೆ ಅದು ಸುಳ್ಳು ಲೆಕ್ಕವಾದೀತು. ನೀರು, ರೊಟ್ಟಿ, ತಮ್ಮಂದಿರ ಶಾಲೆ ಎಲ್ಲವನ್ನೂ ಬರೆಯಿರಿ. ಬರೆದ ಹಾಳೆಯನ್ನು ತಂದೆತಾಯಿಗಳಿಗೆ ತೋರಿಸಿರಿ. ಬಾಯಿಮಾತಿನಲ್ಲಿ ಹೇಳಿದಾಗ ನೆಪವೆಂದು ತೋರುವುದು ಅಂಕಿಗಳಲ್ಲಿ ನಿಜವಾಗಿ ಕಾಣುತ್ತದೆ.

ಇನ್ನು ವಿಷಯಗಳ ತೂಕ. ಕ್ರೆಡಿಟ್ ಸಮನಾಗಿದ್ದರೂ ತೂಕ ಸಮನಲ್ಲ. ನಿರ್ವಹಣೆ, ಅರ್ಥಶಾಸ್ತ್ರಗಳಲ್ಲಿ ಒಂದು ಅಧ್ಯಾಯ ತಪ್ಪಿದರೂ ಮುಂದಿನದನ್ನು ಓದಿಕೊಳ್ಳಬಹುದು. ಲೆಕ್ಕಶಾಸ್ತ್ರವು ಸರಪಳಿ. ಕಿರ್ದಿ ತಿಳಿಯದೆ ಖಾತೆ ಪುಸ್ತಕವಿಲ್ಲ, ಖಾತೆ ಪುಸ್ತಕವಿಲ್ಲದೆ ತಾಳೆಪಟ್ಟಿಯಿಲ್ಲ, ತಾಳೆಪಟ್ಟಿಯಿಲ್ಲದೆ ಅಢಾವೆ ಪತ್ರಿಕೆಯಿಲ್ಲ. ಎರಡು ವಾರ ಗೈರುಹಾಜರಾದವನು ಮೂರನೆಯ ವಾರ ಬಂದು ಕುಳಿತರೂ ಹೊರಗೇ ಇರುತ್ತಾನೆ.

ನಮ್ಮ ವಿದ್ಯಾರ್ಥಿಗಳಿಗೆ ಇದರೊಡನೆ ಭಾಷೆಯ ತೊಡಕೂ ಇದೆ. ಅದು ಎಲ್ಲರೂ ಎಣಿಸಿದ ಜಾಗದಲ್ಲಿ ಇಲ್ಲ. ನವೀ ಪೇಠೆಯ ವ್ಯಾಪಾರಿಯೊಬ್ಬನು 12,000 ರೂಪಾಯಿಯ ಚಾದರಗಳನ್ನು ಉದ್ರಿ ತಂದನೆನ್ನೋಣ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಕಂಡು ಬೆಳೆದ ಹುಡುಗನಿಗೆ ಈ ವ್ಯವಹಾರ ಕ್ಷಣದಲ್ಲಿ ಅರ್ಥವಾಗುತ್ತದೆ: ಮಾಲು ಬಂತು, ಕೊಟ್ಟವನಿಗೆ ಹಣ ಸಲ್ಲಬೇಕು. ಖರೀದಿ ಖಾತೆ ಡೆಬಿಟ್, ಮಾಲು ಕೊಟ್ಟವನ ಖಾತೆ ಕ್ರೆಡಿಟ್. ಆದರೆ ಇಂಗ್ಲಿಷ್ ಪುಸ್ತಕದಲ್ಲಿ ಉದ್ರಿಗೂ ಕ್ರೆಡಿಟ್ ಎಂಬುದೇ ಪದ, ಖಾತೆಯ ಬಲಬದಿಗೂ ಅದೇ ಪದ. ಸಾಲದುದಕ್ಕೆ ಆ ವಿಷಯವನ್ನು ಓದಿದರೆ ದೊರೆಯುವುದೂ ಕ್ರೆಡಿಟ್. ಮರಾಠಿ ಪುಸ್ತಕವನ್ನು ತೆರೆದರೆ ಅಲ್ಲಿ ‘ನಾವೆ’, ‘ಜಮಾ’. ಹುಡುಗನಿಗೆ ವ್ಯವಹಾರ ಗೊತ್ತು; ಅದರ ಹೆಸರುಗಳು ಗೊತ್ತಿಲ್ಲ. ಅವನು ಮೊದಲ ತಿಂಗಳಿನಲ್ಲಿಯೇ ತನಗೆ ಲೆಕ್ಕ ಬಾರದೆಂದು ತೀರ್ಮಾನಿಸಿ ಹಿಂದಿನ ಬೆಂಚಿಗೆ ಹೋಗುತ್ತಾನೆ. ಇದಕ್ಕೆ ಮದ್ದು ಸಣ್ಣದು: ಮೂರು ಅಂಕಣಗಳ ಒಂದು ನೋಟುಬುಕ್ಕು, ಕನ್ನಡ, ಮರಾಠಿ, ಇಂಗ್ಲಿಷ್. ದಿನವೂ ಐದು ಪದ. ಗಾಡಿಯಲ್ಲಿ ಕುಳಿತು ಮಾಡಬಹುದಾದ ಕೆಲಸ ಇದೊಂದೇ. ಖಾತೆಗೆರೆ ಎಳೆದು ಲೆಕ್ಕ ಬಿಡಿಸುವುದಕ್ಕೆ ಮೇಜು ಬೇಕು, ದಿನಕ್ಕೆ ಒಂದು ಗಂಟೆ ಬೇಕು. ಹಾಳೆಯಲ್ಲಿ ಆ ಗಂಟೆಯನ್ನು ಮೊದಲು ಬರೆದು ಉಳಿದುದನ್ನು ಅದರ ಸುತ್ತ ಹೊಂದಿಸಿರಿ.

ಭಾಷೆಯ ಆಯ್ಕೆಯ ಪ್ರಶ್ನೆಯನ್ನು ಇಲ್ಲಿಯೇ ಎತ್ತುತ್ತೇನೆ. ವಾಣಿಜ್ಯಕ್ಕೆ ಬಂದ ಮೇಲೆ ಕನ್ನಡವೇಕೆ ಎಂದು ಬಿಟ್ಟುಬಿಡುವವರು ಪ್ರತಿವರ್ಷವೂ ಇದ್ದಾರೆ. ಎರಡು ಕ್ರೆಡಿಟ್ಟಿನ ಭಾಷೆಗೆ 60 ಗಂಟೆ ಎಂದು ಚೌಕಟ್ಟು ಎಣಿಸುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಓದಿದವನಿಗೆ ಅಷ್ಟು ಗಂಟೆ ಬೇಡ. ಮಿಕ್ಕ ಗಂಟೆಗಳು ಲೆಕ್ಕಶಾಸ್ತ್ರಕ್ಕೆ ಸಿಗುತ್ತವೆ. ಹೊಸ ಭಾಷೆಯ ಪತ್ರಿಕೆಯನ್ನು ಹಿಡಿದರೆ ಅಲ್ಲಿಯೂ ಹೆಣಗಾಟ, ಇಲ್ಲಿಯೂ ಹೆಣಗಾಟ. ಇದು ಕನ್ನಡ ವಿಭಾಗದ ಸ್ವಾರ್ಥದ ಮಾತೆಂದು ಯಾರಾದರೂ ನಕ್ಕರೆ ನಗಲಿ, ಸ್ವಲ್ಪ ಸ್ವಾರ್ಥವೂ ಇದೆ: ತರಗತಿಯಲ್ಲಿ ವಿದ್ಯಾರ್ಥಿಗಳಿಲ್ಲದೆ ವಿಭಾಗ ಉಳಿಯದು. ಆದರೂ ಮನೆಯಲ್ಲಿ ಕನ್ನಡ ಮಾತನಾಡಿ ಶಾಲೆಯಲ್ಲಿ ಮರಾಠಿಯನ್ನಷ್ಟೇ ಓದಿದವರಿಗೆ ನನ್ನ ಸಲಹೆ ಬೇರೆ. ಲಿಪಿ ಬಾರದೆ, ಮಾತು ಬರುತ್ತದೆ ಎಂಬ ಧೈರ್ಯದಿಂದ ಕನ್ನಡವನ್ನು ಆರಿಸಿದರೆ ಅದು ಹಗುರಾಗದು. ಮೊದಲು ಲಿಪಿಯನ್ನು ಕಲಿಯಲಿ. ಅದಕ್ಕೆ ವಿಭಾಗದ ಬಾಗಿಲು ತೆರೆದಿದೆ.

ಮುಕ್ತ ಐಚ್ಛಿಕವನ್ನು ‘ಅಂಕ ಬೀಳುವ’ ವಿಷಯವೆಂದು ಆರಿಸುವುದಕ್ಕಿಂತ ತರಗತಿಯ ವೇಳೆಯನ್ನು ನೋಡಿ ಆರಿಸುವುದು ಮೇಲು. ಸಂಜೆಯ ಒಂದು ತಾಸಿಗಾಗಿ ಊರಿನ ಗಾಡಿ ತಪ್ಪಿದರೆ ಆ ಅಂಕ ದುಬಾರಿ. ರಾಷ್ಟ್ರೀಯ ಸೇವಾ ಯೋಜನೆ ಒಳ್ಳೆಯದು, ಆದರೆ ವರ್ಷಕ್ಕೆ 120 ಗಂಟೆಗಳ ಸೇವೆಯನ್ನು ಕೇಳುತ್ತದೆ. ಸಿ.ಎ. ಫೌಂಡೇಶನ್ನಿನ ಆಸೆಯುಳ್ಳವರು ತಿಳಿಯಬೇಕಾದುದು: ನಾಲ್ಕು ಪತ್ರಿಕೆಗಳು, ಪ್ರತಿಯೊಂದರಲ್ಲಿ ಶೇ. 40, ಒಟ್ಟಿನಲ್ಲಿ ಶೇ. 50. 2024ರಿಂದ ಆ ಪರೀಕ್ಷೆ ವರ್ಷಕ್ಕೆ ಮೂರು ಸಲ ನಡೆಯುತ್ತಿರುವುದರಿಂದ ಸೆಪ್ಟೆಂಬರಿನದನ್ನು ಬಿಟ್ಟು ಜನವರಿಯದಕ್ಕೆ ಕೂಡುವ ಅವಕಾಶವಿದೆ. ಟ್ಯಾಲಿಯೂ ಎರಡನೆಯ ಸೆಮಿಸ್ಟರಿಗೆ ಕಾಯಬಲ್ಲದು. ಕಿರ್ದಿ ಅರಿಯದವನಿಗೆ ಟ್ಯಾಲಿ ಬರಿಯ ಕೀಲಿಗಳನ್ನು ಒತ್ತುವ ಆಟ, ಶುಲ್ಕವೂ ವ್ಯರ್ಥ. ಅಂಗಡಿಯ ಕೆಲಸವನ್ನು ಬಿಡಿರೆಂದು ಹೇಳುವ ಧೈರ್ಯ ನನಗಿಲ್ಲ. ಆ ಸಂಬಳದಿಂದ ಮನೆ ನಡೆಯುವುದಾದರೆ, ಕತ್ತರಿ ಬೇರೆಡೆ ಬೀಳಬೇಕು. ಪರೀಕ್ಷೆಯ ಹದಿನೈದು ದಿನಗಳ ರಜೆಯನ್ನು ಮಾಲೀಕರೊಡನೆ ಕೆಲಸಕ್ಕೆ ಸೇರುವಾಗಲೇ ಮಾತನಾಡಿಕೊಳ್ಳಿರಿ.

ಕೊನೆಗೆ ಹೊಲದವರ ಮಾತು. ನಮ್ಮ ಸೀಮೆಯ ಹಿಂಗಾರಿ ಜೋಳದ ಬಿತ್ತನೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರಿನವರೆಗೆ. ನವರಾತ್ರಿಯೂ ಆಗಲೇ, ಅದರ ಬೆನ್ನಿಗೆ ದೀಪಾವಳಿ, ಆಸುಪಾಸಿನಲ್ಲಿಯೇ ಪರೀಕ್ಷೆ. ಹದ ಬಂದಾಗ ಬಿತ್ತಬೇಕು. ಭೂಮಿ ವಿಶ್ವವಿದ್ಯಾಲಯದ ವೇಳಾಪಟ್ಟಿಯನ್ನು ಕೇಳುವುದಿಲ್ಲ. ಆದುದರಿಂದ ಹೊಲವುಳ್ಳವರು ತಮ್ಮ ಸೆಮಿಸ್ಟರನ್ನು 15 ವಾರಗಳೆಂದು ಎಣಿಸದೆ 12 ಎಂದು ಎಣಿಸಬೇಕು. ಆಗ 660 ಗಂಟೆಗಳಿಗೆ ವಾರಕ್ಕೆ 55 ಬೀಳುತ್ತವೆ. ಅಷ್ಟು ಸಾಧ್ಯವಿಲ್ಲದಿದ್ದರೆ ಗಣೇಶ ಚೌತಿಯ ಹೊತ್ತಿಗೆ ತಾಳೆಪಟ್ಟಿಯವರೆಗಿನ ಲೆಕ್ಕಶಾಸ್ತ್ರವನ್ನಾದರೂ ಕೈವಶ ಮಾಡಿಕೊಂಡಿರಬೇಕು. ಉಳಿದ ವಿಷಯಗಳನ್ನು ಬಿತ್ತನೆಯ ನಂತರ ಓದಿಕೊಳ್ಳಬಹುದು.

ಆರಿಸಿದ ವಿಷಯವನ್ನು ಬದಲಿಸಲು ಕಾಲೇಜು ಕೊಡುವ ಕೊನೆಯ ದಿನಾಂಕವನ್ನು ಸೂಚನಾಫಲಕದಲ್ಲಿ ನೋಡಿಕೊಳ್ಳಿರಿ. ಅದಕ್ಕೆ ಮುಂಚೆ ಒಂದು ವಾರ ನಿಮ್ಮ 168 ಗಂಟೆಗಳು ನಿಜವಾಗಿ ಎಲ್ಲಿ ಹೋದವೆಂದು ಬರೆದಿಟ್ಟು, ಆ ಹಾಳೆಯೊಡನೆ ವಾಣಿಜ್ಯ ವಿಭಾಗಕ್ಕೋ ನಮ್ಮ ವಿಭಾಗಕ್ಕೋ ಬನ್ನಿರಿ. ಶಿಲ್ಕು ವಾರಕ್ಕೆ ಹತ್ತು ಗಂಟೆಗಿಂತ ಕಡಿಮೆಯಿದ್ದರೆ ಯಾವುದನ್ನು ಬಿಡಬೇಕೆಂದು ಕೂಡಿ ನೋಡೋಣ.