ನಿಧಾನವಾಗಿ ಕರಗುವ ಮಾತ್ರೆ



ಕೆಲವರು ದಿನಕ್ಕೆ ಮೂರು ಸಲ ಮಾತ್ರೆ ನುಂಗುತ್ತಾರೆ. ಇನ್ನು ಕೆಲವರು ಬೆಳಿಗ್ಗೆ ಒಂದೇ ಒಂದು ನುಂಗುತ್ತಾರೆ, ಅದು ಇಡೀ ದಿನ ಕೆಲಸ ಮಾಡುತ್ತದೆ. ಇದು ಹೇಗೆ ಸಾಧ್ಯ? ತಿಳಿಯೋಣ.

ಮಾತ್ರೆ ಹೋಗುವ ದಾರಿ

ನುಂಗಿದ ಮಾತ್ರೆ ಅನ್ನನಾಳದಿಂದ ಜಠರಕ್ಕೆ ಇಳಿಯುತ್ತದೆ. ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಸಾಮಾನ್ಯ ಮಾತ್ರೆ ಬೇಗ ಒಡೆದು ಕರಗುತ್ತದೆ. ಔಷಧಿ ಹೆಚ್ಚಾಗಿ ಸಣ್ಣ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಆಮೇಲೆ ಯಕೃತ್ತು, ಮೂತ್ರಪಿಂಡಗಳು ಅದನ್ನು ಕಡಿಮೆ ಮಾಡುತ್ತಾ ಹೋಗುತ್ತವೆ. ಅದಕ್ಕೇ ಮತ್ತೆ ಮಾತ್ರೆ ಬೇಕಾಗುತ್ತದೆ.

ಬೇಸಿಗೆಯಲ್ಲಿ ತೆಂಗಿನ ಸಸಿಗೆ ಒಂದು ಕೊಡ ನೀರು ಒಮ್ಮೆಲೇ ಸುರಿದರೆ ಅರ್ಧ ಹರಿದುಹೋಗುತ್ತದೆ. ಸಂಜೆಗೆ ಬುಡ ಒಣಗಿರುತ್ತದೆ. ಅದೇ ನೀರನ್ನು ಸಣ್ಣ ತೂತಿನ ಮಡಕೆಯಲ್ಲಿ ಇಟ್ಟರೆ ದಿನವೆಲ್ಲ ಹನಿ ಹನಿ ಇಳಿಯುತ್ತದೆ. ನಿಧಾನ ಮಾತ್ರೆ ಅಂದ್ರೆ ಇಂಥ ಮಡಕೆ.

ಹೇಗೆ ಮಾಡುತ್ತಾರೆ?

1952ರಲ್ಲಿ ಅಮೆರಿಕದ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಎಂಬ ಕಂಪನಿ ಒಂದು ಹೊಸ ಕ್ಯಾಪ್ಸೂಲ್ ತಂದಿತು. ಅದರ ಒಳಗೆ ತುಂಬಾ ಸಣ್ಣ ಸಣ್ಣ ಔಷಧಿ ಕಾಳುಗಳು. ಕೆಲವಕ್ಕೆ ತೆಳು ಲೇಪ, ಕೆಲವಕ್ಕೆ ದಪ್ಪ ಲೇಪ. ತೆಳು ಲೇಪದ್ದು ಮೊದಲು ಕರಗುತ್ತದೆ, ದಪ್ಪ ಲೇಪದ್ದು ಆಮೇಲೆ.

ಇನ್ನೊಂದು ವಿಧಾನದಲ್ಲಿ ಪಾಲಿಮರ್ ಬಳಸುತ್ತಾರೆ. ಪಾಲಿಮರ್ ಅಂದ್ರೆ ಸಣ್ಣ ಘಟಕಗಳು ಹೂಮಾಲೆಯಂತೆ ಸಾಲಾಗಿ ಸೇರಿ ಆದ ಉದ್ದನೆಯ ಅಣು. ಹತ್ತಿಯಲ್ಲಿರುವ ಸೆಲ್ಯುಲೋಸ್, ರಬ್ಬರ್, ಪ್ಲಾಸ್ಟಿಕ್ ಎಲ್ಲವೂ ಪಾಲಿಮರ್‌ಗಳೇ. ಕೆಲವು ಪಾಲಿಮರ್‌ಗಳು ನೀರು ತಾಗಿದರೆ ಕಾಮಕಸ್ತೂರಿ ಬೀಜದ ಹಾಗೆ ಉಬ್ಬಿ ಲೋಳೆಯಾಗುತ್ತವೆ. ಆ ಲೋಳೆ ದಾಟಿ ಔಷಧಿ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ.

ಒಂದು ತೊಡಕು

ಜಠರ ಸುಮ್ಮನೆ ಇರುವ ಚೀಲ ಅಲ್ಲ. ಊಟವನ್ನು ಅರೆದು ಸುಮಾರು 2ರಿಂದ 4 ಗಂಟೆಯಲ್ಲಿ ಕರುಳಿಗೆ ತಳ್ಳಿಬಿಡುತ್ತದೆ. ಕೆಲವು ಔಷಧಿಗಳನ್ನು ಸಣ್ಣ ಕರುಳಿನ ಮೊದಲ ಭಾಗ ಮಾತ್ರ ಚೆನ್ನಾಗಿ ಹೀರಿಕೊಳ್ಳುತ್ತದೆ. ಮಾತ್ರೆ ಆ ಜಾಗ ದಾಟಿದ ಮೇಲೆ ಔಷಧಿ ಬಿಟ್ಟರೆ ಹೆಚ್ಚಿನದು ವ್ಯರ್ಥ. ಆದ್ದರಿಂದ ಮಾತ್ರೆಯನ್ನು ಜಠರದಲ್ಲೇ ನಿಲ್ಲಿಸಬೇಕು. 2016ರಲ್ಲಿ ಅಮೆರಿಕದ ಎಂ.ಐ.ಟಿ. ಮತ್ತು ಇತರ ಸಂಸ್ಥೆಗಳ ವಿಜ್ಞಾನಿಗಳು ಮಡಿಸಿದ ನಕ್ಷತ್ರವನ್ನು ಕ್ಯಾಪ್ಸೂಲಿನಲ್ಲಿ ಇಟ್ಟರು. ಜಠರದಲ್ಲಿ ಕ್ಯಾಪ್ಸೂಲ್ ಕರಗಿ ನಕ್ಷತ್ರ ಬಿಚ್ಚಿಕೊಂಡಿತು. ಕರುಳಿನ ಬಾಗಿಲು ಸಣ್ಣದು, ಅದು ಹೊರಗೆ ಹೋಗಲಿಲ್ಲ. ಹಂದಿಗಳಲ್ಲಿ ಅದು ಎರಡು ವಾರದ ತನಕ ಔಷಧಿ ಬಿಟ್ಟಿತು.

ಕೂದಲಿಗಿಂತ ತೆಳುವಾದ ಎಳೆ

ಈಗ ವಿಜ್ಞಾನಿಗಳು ನ್ಯಾನೋ ಎಳೆಗಳನ್ನೂ ಪರೀಕ್ಷೆ ಮಾಡುತ್ತಿದ್ದಾರೆ. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ಒಂದು ನ್ಯಾನೋಮೀಟರ್. ನಮ್ಮ ಕೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ. ಈ ಎಳೆಗಳು ಕೆಲವು ನೂರು ನ್ಯಾನೋಮೀಟರ್ ಅಷ್ಟೇ!

ಪಾಲಿಮರ್ ಮತ್ತು ಔಷಧಿ ಬೆರೆಸಿದ ದ್ರಾವಣವನ್ನು ಸೂಜಿಯ ಮೂಲಕ ಬಿಡುತ್ತಾರೆ. ಸೂಜಿಗೆ 10,000 ವೋಲ್ಟಿಗಿಂತ ಹೆಚ್ಚು ವಿದ್ಯುತ್ ಕೊಡುತ್ತಾರೆ. (ನಮ್ಮ ಮನೆಯದು 230 ವೋಲ್ಟ್.) ಆಗ ಹನಿ ಎಳೆಯಾಗಿ ಹಾರಿ, ದಾರಿಯಲ್ಲೇ ಒಣಗಿ, ಎದುರಿನ ತಟ್ಟೆಯ ಮೇಲೆ ಬಟ್ಟೆಯಂತೆ ಕೂರುತ್ತದೆ. ಶ್ಯಾವಿಗೆಯನ್ನು ನಾವು ಒತ್ತುತ್ತೇವೆ, ಇಲ್ಲಿ ವಿದ್ಯುತ್ತೇ ಎಳೆಯುತ್ತದೆ. ಎಳೆಗಳ ನಡುವೆ ಗಾಳಿ ಇರುವುದರಿಂದ ಕೆಲವು ಬಟ್ಟೆ ಜಠರದ ದ್ರವದಲ್ಲಿ ತೇಲುತ್ತದೆ. ನೀರಿನಲ್ಲಿ ಕರಗದ ಪಾಲಿಮರ್ ಬಳಸಿದರೆ ಔಷಧಿ ನಿಧಾನವಾಗಿ ಹೊರಬರುತ್ತದೆ.

ಮಾಡಿ ನೋಡಿ

ಎರಡು ಲೋಟ ನೀರು ಇಡಿ. ಒಂದಕ್ಕೆ ಬೆಲ್ಲದ ಉಂಡೆ ಹಾಕಿ. ಇನ್ನೊಂದಕ್ಕೆ ಅಷ್ಟೇ ಬೆಲ್ಲವನ್ನು ಪುಡಿ ಮಾಡಿ ಹಾಕಿ. ಯಾವುದು ಮೊದಲು ಕರಗಿತು?

ಎಲ್ಲರೂ ನೆನಪಿಡಿ

ನಮ್ಮೂರಲ್ಲಿ ಅಜ್ಜ ಅಜ್ಜಿಯರಿಗೆ ಮಾತ್ರೆ ನುಂಗೋಕೆ ಆಗದಿದ್ರೆ ಕುಟ್ಟಿ ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಅದು ನಿಧಾನ ಮಾತ್ರೆ ಆಗಿದ್ದರೆ ಮಡಕೆ ಒಡೆದ ಹಾಗೆ. ಇಡೀ ದಿನದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಬಿ.ಪಿ.ಗೆ ಕೊಡುವ ನಿಫೆಡಿಪಿನ್ ಎಂಬ ನಿಧಾನ ಮಾತ್ರೆಯನ್ನು ಕುಟ್ಟಿ ಕೊಟ್ಟರೆ ಬಿ.ಪಿ. ಒಮ್ಮೆಲೇ ಇಳಿದು ತಲೆ ತಿರುಗಿ ಬೀಳಬಹುದು, ಜೀವಕ್ಕೂ ಅಪಾಯ ಆಗಬಹುದು.

ಮಾತ್ರೆಯ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಎಸ್.ಆರ್., ಇ.ಆರ್., ಎಕ್ಸ್.ಆರ್., ಸಿ.ಆರ್. ಎಂದು ಎರಡು ಅಕ್ಷರ ಇದ್ದರೆ ಅದು ಹೆಚ್ಚಾಗಿ ನಿಧಾನ ಮಾತ್ರೆ. ಕೆಲವದರ ಮೇಲೆ ಅಕ್ಷರ ಇರುವುದಿಲ್ಲ. ಆದ್ದರಿಂದ ಯಾವ ಮಾತ್ರೆಯನ್ನೂ ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳದೆ ಕುಟ್ಟಬಾರದು, ಅಗಿಯಬಾರದು, ಮುರಿಯಬಾರದು. ನುಂಗೋಕೆ ಆಗಲ್ಲ ಅಂತ ಹೇಳಿದರೆ ಅವರು ಬೇರೆ ಔಷಧಿ ಕೊಡಬಹುದು.

ನಮ್ಮ ಅಜ್ಜಿಯರಿಗೆ ಆ ಅಕ್ಷರ ಓದೋಕೆ ಬರಲ್ಲ. ನಮಗೆ ಬರುತ್ತದೆ. ಇವತ್ತು ಮನೆಗೆ ಹೋಗಿ ಓದಿ ಹೇಳೋಣ.

ಉತ್ತರಿಸಿ:
1. ಪಾಲಿಮರ್ ಎಂದರೇನು?
2. ನಿಧಾನ ಮಾತ್ರೆಯನ್ನು ಏಕೆ ಕುಟ್ಟಬಾರದು?

— 7ನೇ ತರಗತಿ ವಿದ್ಯಾರ್ಥಿನಿ